ಜಂತೆಯ ಮೇಲಣ ನೆಲ: ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಮರದ ಹಾಸಿನ ಚರಿತ್ರೆ

ಮನೆಯ ಚರಿತ್ರೆಯನ್ನು ಬರೆಯುವವರ ದೃಷ್ಟಿ ಸಾಮಾನ್ಯವಾಗಿ ಮೊದಲು ಹರಿಯುವುದು ಅದರ ಮುಂಭಾಗದ ಕಡೆಗೆ, ಅನಂತರ ಮಾಡಿನ ಕಡೆಗೆ. ಕಂಬ, ಬೋದಿಗೆ, ಬಾಗಿಲುವಾಡ, ಜಗಲಿ, ತೊಟ್ಟಿ ಇವುಗಳನ್ನು ಕುರಿತು ನಮ್ಮಲ್ಲಿ ಸಾಕಷ್ಟು ವಿವೇಚನೆ ನಡೆದಿದೆ. ಮನೆಯವರ ಪಾದಗಳು ದಿನವೂ ಸೋಂಕುವ ನೆಲಕ್ಕಾದರೋ ಈ ಭಾಗ್ಯ ಅಷ್ಟಾಗಿ ದೊರೆತಿಲ್ಲ. ಈಚಿನ ವರ್ಷಗಳಲ್ಲಿ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಕೆಲವು ಮನೆಗಳಲ್ಲಿ ಕಲ್ಲು ಮತ್ತು ಟೈಲುಗಳ ಬದಲು ಮರದ ಹಾಸು ಕಾಣಿಸಿಕೊಳ್ಳತೊಡಗಿದೆ. ವ್ಯಾಪಾರದಲ್ಲಿ ಎಂಜಿನಿಯರ್ಡ್ ವುಡ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಪದರ ಹಲಗೆಯನ್ನು ಕೆಲವರು ಪರದೇಶದ ಅನುಕರಣವೆಂದು ತಳ್ಳಿಹಾಕುತ್ತಾರೆ. ಮತ್ತೆ ಕೆಲವರು ನಮ್ಮ ಪ್ರಾಚೀನ ಮರಗೆಲಸದ ಪುನರುತ್ಥಾನವೆಂದು ಹೊಗಳುತ್ತಾರೆ. ಈ ಎರಡು ಅಭಿಪ್ರಾಯಗಳೂ ಪೂರ್ಣವಾಗಿ ಸರಿಯಲ್ಲವೆಂದು ತೋರುತ್ತದೆ. ಈ ಪ್ರದೇಶದ ಮನೆಗಳಲ್ಲಿ ಜಂತೆಯ ಮೇಲೆ ಹಲಗೆ ಹಾಸುವ ಪದ್ಧತಿ ಎಲ್ಲಿತ್ತು, ಎಲ್ಲಿರಲಿಲ್ಲ, ಏಕೆ ಅಳಿಯಿತು, ಈಗ ಯಾವ ರೂಪದಲ್ಲಿ ಮರಳಿದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧

ಮೊದಲು ಪದಗಳ ವಿಚಾರ. ಕನ್ನಡದಲ್ಲಿ ‘ನೆಲ’ ಎಂಬ ಒಂದೇ ಮಾತು ಭೂಮಿಗೂ ಮನೆಯೊಳಗಣ ನಡೆದಾಡುವ ತಳಕ್ಕೂ ಸಲ್ಲುತ್ತದೆ. ಇದು ಭಾಷೆಯ ಬಡತನವಲ್ಲ; ವಸ್ತುಸ್ಥಿತಿಯ ನಿರೂಪಣೆ. ನಮ್ಮ ಮನೆಯ ತಳ ಅಕ್ಷರಶಃ ಭೂಮಿಯೇ ಆಗಿತ್ತು. ಅಸ್ತಿವಾರದ ಗೋಡೆಗಳ ನಡುವೆ ಮಣ್ಣು ತುಂಬಿ, ನೀರು ಹನಿಸಿ, ದಿಮ್ಮಸದಿಂದ ಬಡಿದು ಗಟ್ಟಿಮಾಡಿ, ಅದರ ಮೇಲೆ ಸಗಣಿ ಸಾರಿಸುತ್ತಿದ್ದರು. ಅನುಕೂಲವಿದ್ದವರು ಗಾರೆ ಹಾಕಿಸುತ್ತಿದ್ದರು ಇಲ್ಲವೆ ಚಪ್ಪಡಿ ಹಾಸುತ್ತಿದ್ದರು. ಈ ನೆಲದ ಕೆಳಗೆ ಪೊಳ್ಳು ಎಂಬುದಿಲ್ಲ.

ತೊಲೆ, ಜಂತೆ, ಹಲಗೆ ಎಂಬ ಮೂರು ಮಾತುಗಳು ಬರುವುದು ತಲೆಯ ಮೇಲಣ ರಚನೆಯಲ್ಲಿ. ಗೋಡೆಯಿಂದ ಗೋಡೆಗೆ, ಇಲ್ಲವೆ ಕಂಬದಿಂದ ಕಂಬಕ್ಕೆ ಹಾಯುವ ದಪ್ಪ ಮರ ತೊಲೆ. ತೊಲೆಗೆ ಅಡ್ಡಲಾಗಿ ಸಾಲಾಗಿ ಕೂರುವ ಸಣ್ಣ ಮರಗಳು ಜಂತೆ. ಜಂತೆಗಳಿಗೆ ಅಡ್ಡಲಾಗಿ ಬರುವುದು ಹಲಗೆ. ಹೀಗೆ ಒಂದರ ಮೇಲೊಂದು ದಿಕ್ಕು ಬದಲಿಸುತ್ತ ಬರುವ ಈ ಕ್ರಮದಿಂದ ಆಗುವುದು ಅಟ್ಟ, ಮಾಳಿಗೆ ಅಥವಾ ಉಪ್ಪರಿಗೆ. ಅಟ್ಟ ಹತ್ತಲಾರದವನು ಬೆಟ್ಟ ಹತ್ತಿಯಾನೇ ಎಂಬ ಗಾದೆಯೂ ಅಟ್ಟವನ್ನು ಏರುವ ಸ್ಥಳವೆಂದೇ ಭಾವಿಸುತ್ತದೆ. ಒಂದೇ ಜಂತೆಯ ಸಾಲು ಕೆಳಗಿನ ಕೋಣೆಗೆ ಮುಚ್ಚಿಗೆಯೂ ಮೇಲಿನ ಕೋಣೆಗೆ ನೆಲವೂ ಆಗುತ್ತಿದ್ದಿತು. ಆದ್ದರಿಂದ ಜಂತೆಯ ಮೇಲಣ ಮರದ ನೆಲ ನಮಗೆ ಹೊಸದಲ್ಲ. ಹೊಸದಾಗಿರುವುದು ಅದು ನೆಲದಂತಸ್ತಿಗೆ ಇಳಿದಿರುವುದು ಮಾತ್ರ.

೨

ಮರದ ಮಹಡಿಗೆ ಬೆಂಗಳೂರಿನಲ್ಲಿ ಇಂದಿಗೂ ಉಳಿದಿರುವ ಪ್ರಮುಖ ಸಾಕ್ಷ್ಯ ಕೋಟೆಯ ಬಳಿಯ ಟೀಪುವಿನ ಬೇಸಗೆ ಅರಮನೆ. ಹೈದರಾಲಿಯ ಕಾಲದಲ್ಲಿ ೧೭೮೧ರಲ್ಲಿ ಆರಂಭವಾಗಿ ೧೭೯೧ರಲ್ಲಿ ಟೀಪುವಿನಿಂದ ಮುಗಿದ ಈ ಕಟ್ಟಡದ ತಳಪಾಯ ಕಲ್ಲಿನದು. ಮೇಲಣ ಅಂತಸ್ತನ್ನು ಹೊತ್ತಿರುವವು ತೇಗದ ಕಂಬಗಳೂ ತೊಲೆಗಳೂ. ೧೮೩೧ರಿಂದ ೧೮೬೮ರ ವರೆಗೆ, ಅಠಾರ ಕಚೇರಿಗೆ ಸಾಗುವ ತನಕ, ಮೈಸೂರು ಸಂಸ್ಥಾನದ ಸಚಿವಾಲಯ ಇಲ್ಲಿಯೇ ನಡೆಯಿತು. ಸರಿಯಾಗಿ ಆರಿಸಿ ಸರಿಯಾಗಿ ಜೋಡಿಸಿದ ಮರದ ಮಹಡಿ ಒಂದು ಸರ್ಕಾರದ ಕಾಗದಪತ್ರಗಳ ಭಾರವನ್ನೂ ಹೊರಬಲ್ಲುದೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮರ ಸಮೃದ್ಧವಾಗಿದ್ದ ಕಾರಣ ಹಲಗೆಯ ಉಪ್ಪರಿಗೆ ಅನುಕೂಲಸ್ಥರ ಮನೆಯ ಸಾಮಾನ್ಯ ಅಂಗವಾಯಿತು. ಅಡಕೆ, ಭತ್ತ, ಪಾತ್ರೆಪರಟಿಗಳನ್ನು ಇಡಲು ಒಣ ಜಾಗ ಬೇಕು. ಒಲೆಯ ಹೊಗೆ ಮೇಲೇರಿ ಹಲಗೆಯನ್ನು ಒಣಗಿಸುತ್ತಿದ್ದುದೂ ಉಂಟು. ಮೈದಾನಸೀಮೆಯಲ್ಲಿ ಹಲಗೆ ದುಬಾರಿ. ಆದುದರಿಂದ ಇಲ್ಲಿ ಜಂತೆಗಳ ಮೇಲೆ ಬಿದಿರನ್ನೋ ಸೀಳಿದ ಕಟ್ಟಿಗೆಯನ್ನೋ ಒತ್ತಾಗಿ ಹರಡಿ, ಅದರ ಮೇಲೆ ಮಣ್ಣು ಹಾಕಿ ಮಾಳಿಗೆ ಮಾಡುತ್ತಿದ್ದರು. ಮಲೆನಾಡಿನ ಹಲಗೆಯ ಉಪ್ಪರಿಗೆಯೂ ಬಯಲುಸೀಮೆಯ ಮಣ್ಣಿನ ಮಾಳಿಗೆಯೂ ತಳದಲ್ಲಿ ಒಂದೇ: ಎರಡಕ್ಕೂ ಜಂತೆಯೇ ಆಧಾರ. ಬೇರೆಯಾಗುವುದು ಹೊದಿಕೆ ಮಾತ್ರ.

ಹಾಗಾದರೆ ನೆಲದಂತಸ್ತಿಗೆ ಹಲಗೆ ಏಕೆ ಇಳಿಯಲಿಲ್ಲ? ಇದಕ್ಕೆ ಗೆದ್ದಲನ್ನು ಕಾರಣವಾಗಿ ಹೇಳುವುದು ರೂಢಿ. ಬೆಂಗಳೂರಿನ ಕೆಮ್ಮಣ್ಣಿನಲ್ಲಿ ಗೆದ್ದಲು ಹೇರಳವಾಗಿರುವುದು ನಿಜ. ಆದರೆ ಅದಕ್ಕಿಂತಲೂ ಬಲವಾದ ಕಾರಣವೊಂದಿದೆ, ಅದು ನೀರು. ನಮ್ಮ ಮನೆಗಳಲ್ಲಿ ನೆಲ ಎಂಬುದು ನಡೆಯುವ ಜಾಗ ಮಾತ್ರವಲ್ಲ. ಕುಳಿತು ಉಣ್ಣುವ, ಅಡುಗೆ ಮಾಡುವ, ಮಲಗುವ, ಪೂಜಿಸುವ ಸ್ಥಳ. ಊಟವಾದ ಸ್ಥಳಕ್ಕೆ ಗೋಮಯ ಹಚ್ಚಬೇಕು; ಹೊಸಿಲನ್ನು ತೊಳೆದು ರಂಗೋಲಿ ಇಡಬೇಕು; ಹಬ್ಬದ ಹಿಂದಿನ ದಿನ ಇಡೀ ಮನೆಗೆ ನೀರು ಹುಯ್ಯಬೇಕು. ಶುದ್ಧಿ ಎಂದರೆ ನೀರು ಎಂದು ತಿಳಿದ ಮನೆತನಗಳಿಗೆ ಹಲಗೆಯ ನೆಲ ಕೆಳಗಡೆ ಒಗ್ಗುವುದು ಸಾಧ್ಯವಿರಲಿಲ್ಲ. ಮೇಲಣ ಅಟ್ಟವಾದರೋ ದಾಸ್ತಾನಿಗೂ ನಿದ್ರೆಗೂ ಮೀಸಲು. ಅಲ್ಲಿ ಪೊರಕೆ ಸಾಕು, ಬಿಂದಿಗೆ ಬೇಕಿಲ್ಲ. ಹೀಗೆ ನೀರಿನ ನೆಲ ಕೆಳಗೆ, ಪೊರಕೆಯ ನೆಲ ಮೇಲೆ ಎಂಬ ವಿಭಾಗ ಮನೆವಾರ್ತೆಯಿಂದಲೇ ಏರ್ಪಟ್ಟಿತು. ಇಂದಿಗೂ ಮರದ ಹಾಸು ಹಾಕಿಸುವವರು ಅಡುಗೆಮನೆ, ಬಚ್ಚಲು, ದೇವರಮನೆಗಳನ್ನು ಕಲ್ಲಿಗೆ ಬಿಟ್ಟು, ಮಲಗುವ ಕೋಣೆಯನ್ನೂ ಓದುವ ಕೋಣೆಯನ್ನೂ ಮರಕ್ಕೆ ಕೊಡುವುದು ಸಾಮಾನ್ಯ. ಹಳೆಯ ವಿಭಾಗ ಅಳಿದಿಲ್ಲ. ಅಂತಸ್ತಿನಿಂದ ಕೋಣೆಗೆ ಸರಿದಿದೆ.

೩

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ಮರದ ಕಟ್ಟಡಗಳ ಮೇಲಿನ ನಂಬಿಕೆಯನ್ನು ಅಲುಗಿಸಿದ ಎರಡು ಘಟನೆಗಳು ಒಂದರ ಹಿಂದೊಂದು ನಡೆದವು. ೧೮೯೭ರ ಫೆಬ್ರವರಿಯಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ, ಬಹುಪಾಲು ಮರದಿಂದ ಕಟ್ಟಿದ್ದ ಮೈಸೂರಿನ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಅದರ ಸ್ಥಳದಲ್ಲಿ ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ ೧೯೧೨ರಲ್ಲಿ ಪೂರ್ಣಗೊಂಡಿತು. ಅದರಲ್ಲಿ ಭಾರ ಹೊರುವ ಕೆಲಸ ಹೆಚ್ಚಾಗಿ ಕಲ್ಲು ಮತ್ತು ಕಬ್ಬಿಣಗಳಿಗೆ ಸೇರಿತು.

ಎರಡನೆಯದು ಪ್ಲೇಗು. ೧೮೯೮ರಲ್ಲಿ ಅದು ಬೆಂಗಳೂರನ್ನು ಹೊಕ್ಕಿತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಪ್ಲೇಗಿನಿಂದಲೇ ಹುಟ್ಟಿದವೆಂದು ಹೇಳುವುದುಂಟು. ಇದು ಪೂರ್ತಿ ಸರಿಯಲ್ಲ. ಅವುಗಳ ಯೋಜನೆ ಪ್ಲೇಗಿಗೆ ಮೊದಲೇ ಆರಂಭವಾಗಿದ್ದಿತು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಬೀಳಲು ಪ್ಲೇಗು ಅವಸರವನ್ನು ತಂದಿತು. ಇಲ್ಲಿ ಕಾಲಕ್ರಮವನ್ನು ಗಮನಿಸುವುದು ಅವಶ್ಯ. ಪ್ಲೇಗು ಇಲಿಯ ಚಿಗಟದಿಂದ ಹರಡುತ್ತದೆಂದು ಪೌಲ್ ಲೂಯಿ ಸಿಮೋಂದ್ ಪ್ರಕಟಿಸಿದುದು ಅದೇ ೧೮೯೮ರಲ್ಲಿ; ಅದು ವಿದ್ವಾಂಸರಿಗೆ ಸಮ್ಮತವಾಗಲು ಮತ್ತೆ ಹತ್ತು ವರ್ಷಗಳಷ್ಟು ಹಿಡಿಯಿತು. ಆದಕಾರಣ ಬಸವನಗುಡಿಯ ಮೊದಲ ಮನೆಗಳು ಗಾಳಿ ಬೆಳಕುಗಳನ್ನು ಲಕ್ಷಿಸಿದವೇ ಹೊರತು ಇಲಿಯನ್ನಲ್ಲ. ದಂಡಿನ ಪ್ರದೇಶದಲ್ಲಿ ೧೯೦೬ರಲ್ಲಿ ಅಡಿಗಲ್ಲು ಬಿದ್ದು ೧೯೧೦ರಲ್ಲಿ ತೆರೆದ ಫ್ರೇಜರ್ ಟೌನಿನಲ್ಲಾದರೋ ಇಲಿಯೇ ಮುಖ್ಯ ಶತ್ರು. ಅದನ್ನು ರೂಪಿಸಿದ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ೧೯೧೪ರಲ್ಲಿ ಬೆಂಗಳೂರಿನ ಪ್ಲೇಗುನಿರೋಧಕ ನಗರಯೋಜನೆಯ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದರು.

ಇಲಿಯ ದೃಷ್ಟಿಯಿಂದ ನೋಡಿದಾಗ ಹಲಗೆಯ ನೆಲದ ದೋಷ ಎದ್ದು ಕಾಣುತ್ತದೆ. ಎರಡು ಜಂತೆಗಳ ನಡುವಣ ಪೊಳ್ಳು ಬೆಳಕಿಲ್ಲದ, ಕೈಗೆಟುಕದ, ಉದ್ದವಾದ ಹಾದಿ. ಇಂಗ್ಲೆಂಡಿನಂಥ ಚಳಿಯ ದೇಶಗಳಲ್ಲಿ ಈ ಪೊಳ್ಳೇ ಗುಣ. ಅದು ತಣ್ಣೆಲದಿಂದ ಕಾಲನ್ನು ಬೇರ್ಪಡಿಸುತ್ತದೆ. ಬೆಂಗಳೂರಿನಲ್ಲಿ ಅದೇ ಪೊಳ್ಳು ರೋಗದ ಆಶ್ರಯವೆಂಬ ಶಂಕೆಗೆ ಗುರಿಯಾಯಿತು. ತುಂಬಿದ ನೆಲ ಒಳ್ಳೆಯದು, ಪೊಳ್ಳು ನೆಲ ಕೆಟ್ಟದ್ದು ಎಂಬ ಹಳೆಯ ಅಭಿರುಚಿಗೆ ಈಗ ಆರೋಗ್ಯಶಾಸ್ತ್ರದ ಬೆಂಬಲವೂ ದೊರೆಯಿತೆನ್ನಬಹುದು.

ಆದರೆ ಜಂತೆ ಆ ಕೂಡಲೆ ಮಾಯವಾಗಲಿಲ್ಲ. ಚಾಮರಾಜಪೇಟೆ, ಬಸವನಗುಡಿಗಳ ಮನೆಗಳಲ್ಲಿ ಅದು ಮದರಾಸು ತಾರಸಿಯ ರೂಪದಲ್ಲಿ ಉಳಿದುಕೊಂಡಿತು. ಒಂದು ಒಂದೂವರೆ ಅಡಿಗೊಂದರಂತೆ ತೇಗದ ಜಂತೆಗಳನ್ನಿಟ್ಟು, ಅವುಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿ, ಮೇಲೆ ಇಟ್ಟಿಗೆಯ ಜಲ್ಲಿ ಮತ್ತು ಸುಣ್ಣವನ್ನು ಬಡಿದು ಕೂರಿಸುವ ಕ್ರಮವಿದು. ಇದನ್ನು ಬಯಲುಸೀಮೆಯ ಮಣ್ಣಿನ ಮಾಳಿಗೆಯ ಸುಧಾರಿತ ರೂಪವೆಂದು ಕಂಡರೆ ತಪ್ಪಾಗದು: ಜಂತೆ ಹಾಗೆಯೇ ಉಳಿಯಿತು, ಮಣ್ಣಿನ ಸ್ಥಳಕ್ಕೆ ಇಟ್ಟಿಗೆ ಸುಣ್ಣ ಬಂದವು, ಪೊಳ್ಳು ಮುಚ್ಚಿಹೋಯಿತು, ನೀರಿಗೆ ಅಂಜದ ಮಹಡಿಯ ನೆಲ ದೊರೆಯಿತು.

ಜಂತೆಯನ್ನು ಪೂರ್ತಿಯಾಗಿ ಹೊರಗಟ್ಟಿದುದು ಕಬ್ಬಿಣದ ಸರಳು ಸೇರಿದ ಕಾಂಕ್ರೀಟು. ೧೯೪೫ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿ ಸ್ಥಾಪನೆಯಾಯಿತು. ೧೯೪೮ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲಿಟ್ಟರು. ಅನಂತರದ ದಶಕಗಳಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರಗಳು ಬೆಳೆದುದು ಕಾಂಕ್ರೀಟಿನ ಯುಗದಲ್ಲಿ. ಅಲ್ಲಿಯ ಮನೆಗಳ ಹೆಗ್ಗುರುತಾದ ಕೆಂಪು ನೆಲ ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಬೆರೆಸಿ, ಕರಣೆಯಿಂದ ಗಂಟೆಗಟ್ಟಲೆ ತಿಕ್ಕಿ ನಯಗೊಳಿಸಿದ್ದು. ಅನಂತರ ಮೊಸಾಯಿಕ್, ಗ್ರಾನೈಟ್, ವಿಟ್ರಿಫೈಡ್ ಟೈಲು ಇವು ಕ್ರಮವಾಗಿ ಬಂದವು. ಇವೆಲ್ಲವೂ ತುಂಬಿದ ನೆಲಗಳೇ, ನೀರಿನ ನೆಲಗಳೇ.

೪

ಈ ಹಿನ್ನೆಲೆಯಲ್ಲಿ ಪದರ ಹಲಗೆಯ ಪ್ರವೇಶವನ್ನು ನೋಡಬೇಕು. ಮರ ತೇವವನ್ನು ಹೀರಿದಾಗ ನಾರಿನ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕಾಗುವ ವ್ಯತ್ಯಾಸ ಬಹು ಅಲ್ಪ. ಆದ್ದರಿಂದ ತೆಳು ಹಾಳೆಗಳನ್ನು ಒಂದರ ನಾರಿಗೆ ಮತ್ತೊಂದರ ನಾರು ಅಡ್ಡವಾಗುವಂತೆ ಅಂಟಿಸಿದರೆ ಒಂದರ ಹಿಗ್ಗನ್ನು ಇನ್ನೊಂದು ತಡೆಯುತ್ತದೆ. ಈ ಉಪಾಯ ಬಹಳ ಹಳೆಯದು. ಈಜಿಪ್ಟಿನ ಸಕ್ಕಾರದಲ್ಲಿ ಮೂರನೆಯ ರಾಜವಂಶದ ಕಾಲದ, ಆರು ಪದರಗಳ ಮರದ ಶವಪೆಟ್ಟಿಗೆಯೊಂದು ದೊರೆತಿದೆ. ನೆಲಹಾಸಿಗೆ ಇದನ್ನು ಕೈಗಾರಿಕೆಯ ಪ್ರಮಾಣದಲ್ಲಿ ಅಳವಡಿಸಿದವರಲ್ಲಿ ಸ್ವೀಡನ್ನಿನ ಕೇರ್ಸ್ ಸಂಸ್ಥೆ ಮುಖ್ಯವಾದುದು. ಪದರ ಹಲಗೆಗೆ ಅದು ೧೯೪೧ರಲ್ಲಿ ಪೇಟೆಂಟ್ ಪಡೆಯಿತು. ಮೇಲೆ ಬೆಲೆಯುಳ್ಳ ಮರದ ತೆಳುವಾದ ಹಾಸು, ಕೆಳಗೆ ಅಗ್ಗದ ಮರದ ಅಡ್ಡ ಪದರಗಳು: ಇದೇ ಇಂದಿನ ಹಲಗೆಯ ಮೂಲವಿನ್ಯಾಸ.

ಈ ವಿದ್ಯೆಗೆ ಬೆಂಗಳೂರು ಅಪರಿಚಿತವಲ್ಲ. ೧೯೩೮ರಲ್ಲಿ ಇಲ್ಲಿ ಸ್ಥಾಪಿತವಾದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ ೧೯೮೮ರಲ್ಲಿ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ೧೯೬೨ರಲ್ಲಿ ಭಾರತೀಯ ಪ್ಲೈವುಡ್ ಕೈಗಾರಿಕೆಗಳ ಸಂಶೋಧನಾ ಸಂಸ್ಥೆಯೂ ಇದೇ ನಗರದಲ್ಲಿ ಆರಂಭವಾಯಿತು. ಪದರ ಮರದ ಅಂಟು, ತೇವ, ಬಾಳಿಕೆಗಳ ಪರೀಕ್ಷೆ ಇಲ್ಲಿ ನಡೆಯುತ್ತಿದ್ದ ಕಾಲದಲ್ಲಿಯೇ ಜಯನಗರದ ಮನೆಗಳು ಮರದ ನೆಲವನ್ನು ಯೋಚಿಸದೆ ಕೆಂಪು ನೆಲವನ್ನು ತಿಕ್ಕಿಸುತ್ತಿದ್ದವೆಂಬುದು ಸ್ವಾರಸ್ಯದ ವಿಷಯ. ಜ್ಞಾನ ಸಮೀಪದಲ್ಲಿದ್ದ ಮಾತ್ರಕ್ಕೆ ಮನೆಯೊಳಗೆ ಬರುವುದಿಲ್ಲ. ಮನೆವಾರ್ತೆ ಅದನ್ನು ಕರೆಯಬೇಕು. ಮೇಜಿನ ಮೇಲೆ ಊಟ, ನಿಂತು ಅಡುಗೆ, ಮಂಚದ ಮೇಲೆ ನಿದ್ರೆ, ಹಿಂಡಿದ ಬಟ್ಟೆಯಿಂದ ಒರೆಸುವ ಪದ್ಧತಿ ಇವು ಬಂದ ಮೇಲೆ ನೆಲಕ್ಕೂ ನೀರಿಗೂ ಇದ್ದ ನಂಟು ಸಡಿಲವಾಯಿತು. ಇತ್ತ ೧೯೮೮ರ ರಾಷ್ಟ್ರೀಯ ಅರಣ್ಯ ನೀತಿಯೂ ೧೯೯೬ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ಆದೇಶವೂ ಕಾಡುಮರದ ಕಡಿತಕ್ಕೆ ಕಟ್ಟು ಹಾಕಿದವು. ಇಡೀ ತೇಗದ ಹಲಗೆ ಕೈಗೆಟುಕದಾದಾಗ ತೇಗದ ಮುಖವುಳ್ಳ ಹಲಗೆಗೆ ಎಡೆಯಾಯಿತು.

೫

ಇನ್ನು ಹಾಸುವ ಕ್ರಮ. ಕಾಂಕ್ರೀಟಿನ ಮನೆಯಲ್ಲಿ ಪದರ ಹಲಗೆಯನ್ನು ತೇವ ತಡೆಯುವ ಹಾಳೆ ಮತ್ತು ಮೃದುವಾದ ತೆಳು ಹಾಸಿನ ಮೇಲೆ ಒಂದಕ್ಕೊಂದು ಸಿಕ್ಕಿಸಿ ತೇಲುವಂತೆ ಬಿಡುತ್ತಾರೆ. ಇಲ್ಲವೆ ಅಂಟು ಹಾಕಿ ಕೂರಿಸುತ್ತಾರೆ. ಇಲ್ಲಿ ಮರ ಭಾರ ಹೊರುವುದಿಲ್ಲ, ಕಾಂಕ್ರೀಟಿಗೆ ಹೊದಿಕೆಯಾಗುತ್ತದೆ. ಜಂತೆಯ ಮೇಲೆ ಹಾಸುವಾಗಲಾದರೋ ಮರ ತನ್ನ ಹಳೆಯ ಕೆಲಸಕ್ಕೆ ಮರಳುತ್ತದೆ. ಹಳೆಯ ಮನೆಯ ಮಹಡಿಯನ್ನು ಉಳಿಸಿಕೊಳ್ಳುವವರಿಗೂ, ಎತ್ತರವಾದ ಕೋಣೆಯೊಳಗೆ ಮರದ ಅಟ್ಟ ಕಟ್ಟಿಸುವವರಿಗೂ ಈ ಪ್ರಶ್ನೆ ಎದುರಾಗುತ್ತದೆ. ಆಗ ಗಮನಿಸಬೇಕಾದ ಅಂಶಗಳಿವು.

ಮೊದಲನೆಯದು ಜಂತೆಯ ಪರೀಕ್ಷೆ. ಜಂತೆ ಮೊದಲು ಕೆಡುವುದು ನಡುವಿನಲ್ಲಲ್ಲ, ಗೋಡೆಯೊಳಗೆ ಹುದುಗಿದ ತುದಿಯಲ್ಲಿ. ಗೋಡೆಯ ತೇವವೂ ಗೆದ್ದಲೂ ಅಲ್ಲಿಂದಲೇ ಹೊಗುತ್ತವೆ. ಉಳಿಯ ಮೊನೆಯಿಂದ ಚುಚ್ಚಿದಾಗ ಸುಲಭವಾಗಿ ಇಳಿದರೆ ಆ ಮರಕ್ಕೆ ಹೊಸ ಜೋಡು ಮರ ಕೊಡದೆ ಮುಂದುವರಿಯಬಾರದು. ಎರಡನೆಯದು ಮಟ್ಟ. ಬಹುಕಾಲ ಭಾರ ಹೊತ್ತ ಜಂತೆ ನಡುವೆ ತುಸು ಬಾಗಿರುತ್ತದೆ. ದಾರ ಕಟ್ಟಿ ರಸಮಟ್ಟವಿಟ್ಟು ನೋಡಿ, ತಗ್ಗಿದ ಕಡೆ ಪಕ್ಕದಲ್ಲಿ ಪಟ್ಟಿ ಜೋಡಿಸಿ ಎತ್ತರಿಸುವುದು ಲೇಸು. ಎತ್ತರದ ಜಂತೆಯನ್ನು ಕೆತ್ತಿ ತಗ್ಗಿಸಿದರೆ ಅದರ ಬಲವೇ ಕುಂದುತ್ತದೆ.

ಮೂರನೆಯದು ಅಂತರ. ಜಂತೆಗಳ ನಡುವಿನಿಂದ ನಡುವಿಗೆ ೪೦೦ ಮಿಲಿಮೀಟರಿನಷ್ಟಿದ್ದು, ಹಲಗೆ ೧೮ ಮಿಲಿಮೀಟರಿಗಿಂತ ತೆಳುವಾಗಿರದಿದ್ದರೆ ಮಾತ್ರ ಅದನ್ನು ನೇರವಾಗಿ ಜಂತೆಗೆ ಬಡಿಯಬಹುದು. ೧೪, ೧೫ ಮಿಲಿಮೀಟರಿನ ಹಲಗೆಯಾದರೆ ಕೆಳಗೆ ೧೮ ಮಿಲಿಮೀಟರಿನ ಪ್ಲೈವುಡ್ಡನ್ನು ತಿರುಪು ಮೊಳೆಗಳಿಂದ ಬಿಗಿದು, ಅದರ ಸಂದುಗಳು ಜಂತೆಯ ಮೇಲೆಯೇ ಬೀಳುವಂತೆ ನೋಡಿಕೊಳ್ಳಬೇಕು. ತೇವದ ಭಯವಿದ್ದಲ್ಲಿ ಭಾರತೀಯ ಮಾನಕ ೭೧೦ಕ್ಕೆ ಒಪ್ಪುವ ಮರೀನ್ ಪ್ಲೈವುಡ್ ಉತ್ತಮ. ನಾಲ್ಕನೆಯದು ದಿಕ್ಕು. ಹಲಗೆ ಜಂತೆಗೆ ಅಡ್ಡವಾಗಿಯೇ ಓಡಬೇಕು; ಅಕ್ಕಪಕ್ಕದ ಸಾಲುಗಳ ಸಂದುಗಳು ಒಂದೇ ಗೆರೆಯಲ್ಲಿ ಬರಬಾರದು. ಅಂಚಿನ ಏಣಿನ ಮೂಲಕ ಓರೆಯಾಗಿ ಮೊಳೆ ಹೊಡೆದರೆ ಮುಂದಿನ ಹಲಗೆಯ ಗಾಡಿ ಅದನ್ನು ಮರೆಮಾಡುತ್ತದೆ.

ಐದನೆಯದು ಹವೆ. ಬೆಂಗಳೂರಿನ ಮಾರ್ಚಿ ತಿಂಗಳ ಒಣಹವೆಗೂ ಆಗಸ್ಟಿನಿಂದ ಅಕ್ಟೋಬರಿನ ವರೆಗಿನ ತೇವಕ್ಕೂ ಬಹಳ ಅಂತರ. ಹಲಗೆಯ ಕಟ್ಟುಗಳನ್ನು ಅದೇ ಕೋಣೆಯಲ್ಲಿ ಎರಡು ಮೂರು ದಿನ ಇಟ್ಟು ಹದಕ್ಕೆ ತರಬೇಕು. ಗೋಡೆಯ ಸುತ್ತ ೧೦ರಿಂದ ೧೨ ಮಿಲಿಮೀಟರಿನಷ್ಟು ಎಡೆ ಬಿಟ್ಟು ಅದನ್ನು ಪಟ್ಟಿಯಿಂದ ಮುಚ್ಚಬೇಕು. ಬೇಸಗೆಯಲ್ಲಿ ಎಡೆಯಿಲ್ಲದೆ ಬಿಗಿಯಾಗಿ ಕೂರಿಸಿದ ನೆಲ ಮಳೆಗಾಲದಲ್ಲಿ ನಡುವೆ ಉಬ್ಬುತ್ತದೆ. ಬಿ.ಟಿ.ಎಂ. ಎಂಬ ಹೆಸರು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಗ್ರಾಮಗಳ ಮೊದಲಕ್ಷರಗಳ ಕೂಟ. ಅವುಗಳಲ್ಲೊಂದರ ಹೆಸರಿನಲ್ಲಿಯೇ ಕೆರೆ ಅಡಗಿದೆ. ಕೆರೆಯ ಆಸುಪಾಸಿನ ತಗ್ಗು ನೆಲದಲ್ಲಿ ನೆಲದಂತಸ್ತಿಗೆ ಜಂತೆಯ ಹಾಸು ಮಾಡಿಸುವವರು ಕೆಳಗಣ ಪೊಳ್ಳಿಗೆ ಗಾಳಿಗಂಡಿಗಳನ್ನು ಇಡಲೇಬೇಕು. ಆ ಗಂಡಿಗಳಿಗೆ ಇಲಿ ಹೊಗದಂತೆ ಜಾಲರಿಯನ್ನೂ ಹೊಂದಿಸಬೇಕು. ಫ್ರೇಜರ್ ಟೌನಿನ ಪಾಠ ಇಂದಿಗೂ ಹಳತಾಗಿಲ್ಲ.

ಮದರಾಸು ತಾರಸಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕೆಳಗಿನಿಂದ ಜಂತೆ ಕಾಣುವುದರಿಂದ ಅದನ್ನು ಹಲಗೆಯ ಮಹಡಿಯೆಂದೇ ಭಾವಿಸಿ, ಮೇಲಿನ ಗಾರೆಯನ್ನು ಕಿತ್ತು ಹಲಗೆ ಬಡಿಯಲು ಹೊರಡುವುದು ಅಪಾಯಕರ. ಅಲ್ಲಿ ಜಂತೆಗಳೂ ಇಟ್ಟಿಗೆ ಸುಣ್ಣವೂ ಕೂಡಿ ಒಂದೇ ಅಂಗವಾಗಿ ನಿಂತಿರುತ್ತವೆ. ಒಂದನ್ನು ತೆಗೆದರೆ ಇನ್ನೊಂದು ಬಿಡಿಯಾಗುತ್ತದೆ. ಅಂಥ ನೆಲವನ್ನು ತುಂಬಿದ ನೆಲವೆಂದೇ ಎಣಿಸಿ, ತೇವ ಆರಿದುದನ್ನು ಖಚಿತಪಡಿಸಿಕೊಂಡು, ಅದರ ಮೇಲೆಯೇ ತೇಲುವ ಹಾಸನ್ನು ಹಾಕುವುದು ಯುಕ್ತ.

೬

ಮೇಲಣ ವಿವೇಚನೆಯಿಂದ ಹೊರಡುವ ಅಭಿಪ್ರಾಯ ಇಷ್ಟು. ನೆಲವನ್ನು ನಿರ್ಣಯಿಸುವುದು ಮೇಲಿನ ಮುಖವಲ್ಲ. ಕೆಳಗಿನ ಆಧಾರವೂ ಮನೆಯ ನಡೆವಳಿಯೂ ಕೂಡಿ ಅದನ್ನು ನಿರ್ಣಯಿಸುತ್ತವೆ. ನಮ್ಮವರು ಮರದ ನೆಲವನ್ನು ಅರಿಯದೆ ಬಿಟ್ಟವರಲ್ಲ. ಎಲ್ಲಿ ಸಲ್ಲುವುದೆಂದು ಅರಿತು ಮೇಲಿಟ್ಟವರು. ಇಂದಿನ ಪದರ ಹಲಗೆಯಲ್ಲಿ ಮರದ ಮುಖ ಮರಳಿದೆ. ಬಹುಪಾಲು ಮನೆಗಳಲ್ಲಿ ಜಂತೆ ಮರಳಿಲ್ಲ. ಆದಕಾರಣ ಇದನ್ನು ಕೇವಲ ಅನುಕರಣವೆನ್ನುವುದೂ ಪುನರುತ್ಥಾನವೆನ್ನುವುದೂ ಸಮವಾಗಿ ಅವಿಚಾರಿತ.

ಕೊನೆಗೆ ಒಂದು ವಿಜ್ಞಾಪನೆ. ಚಾಮರಾಜಪೇಟೆ, ಬಸವನಗುಡಿ, ಹಳೆಯ ಜಯನಗರಗಳ ಮನೆಗಳು ಒಂದೊಂದಾಗಿ ನೆಲಸಮವಾಗುತ್ತಿವೆ. ಮನೆ ಬಿದ್ದ ಕೆಲವೇ ದಿನಗಳಲ್ಲಿ ಜಂತೆಗಳು ಹಳೆಯ ಮರದ ಅಂಗಡಿಯನ್ನು ಸೇರಿ, ಅಲ್ಲಿ ಸೀಳಿಸಿಕೊಂಡು ಬಾಗಿಲು ಕಿಟಕಿಗಳಾಗುತ್ತವೆ. ಮರ ಉಳಿಯುತ್ತದೆ, ಸಾಕ್ಷ್ಯ ಅಳಿಯುತ್ತದೆ. ಜಂತೆಯ ಅಗಲ ಎತ್ತರಗಳೆಷ್ಟು, ಅಂತರವೆಷ್ಟು, ಮರ ಯಾವುದು, ಗೂಟದಿಂದ ಸೇರಿಸಿದುದೋ ಮೊಳೆಯಿಂದಲೋ, ಗೋಡೆಯೊಳಗೆ ಎಷ್ಟು ಹುದುಗಿತ್ತು ಎಂಬ ಐದು ಸಂಗತಿಗಳನ್ನು ಕೆಡಹುವ ಮುನ್ನ ಒಂದು ಹಾಳೆಯಲ್ಲಿ ಬರೆದಿಡಲು ಒಂದು ಮಧ್ಯಾಹ್ನ ಸಾಕು. ನಮ್ಮ ವಿದ್ಯಾರ್ಥಿಗಳು ಈ ಕೆಲಸವನ್ನು ಕೈಗೊಂಡರೆ, ಮುಂದೆ ಹಳೆಯ ಮಹಡಿಯ ಮೇಲೆ ಹೊಸ ಹಲಗೆಯನ್ನು ಹಾಸುವ ಬಡಗಿಗೂ, ಈ ನಗರದ ಮನೆಗಳ ಚರಿತ್ರೆಯನ್ನು ಬರೆಯುವವರಿಗೂ ಅದು ಸಮಾನವಾಗಿ ಉಪಯುಕ್ತವಾಗುವುದರಲ್ಲಿ ಸಂದೇಹವಿಲ್ಲ.